ಮುನಿವೆಂಕಟಮ್ಮನ ಡಬ್ಬ

ದೊಡ್ಡಬಳ್ಳಾಪುರದಲ್ಲಿ ಕಾಫಿಪುಡಿ ಅಂಗಡಿ ಇಟ್ಟು ಮೂವತ್ತು ವರ್ಷ ನಾನು ಮಾಡಿದ ಕೆಲಸವೆಂದರೆ ಬೆರೆಸುವುದು. ಆ ತಳಿಯ ಬೀಜ, ಈ ತಳಿಯ ಬೀಜ, ಮೇಲೊಂದಿಷ್ಟು ಚಿಕೋರಿ. ರುಚಿ ಇರುವುದೇ ಬೆರಕೆಯಲ್ಲಿ ಎಂದು ಬಂದವರಿಗೆಲ್ಲ ಬುದ್ಧಿ ಹೇಳುತ್ತಿದ್ದೆ. ಸಂಜೀವಪ್ಪನ ಮೂಗು ಸುಳ್ಳು ಹೇಳುವುದಿಲ್ಲ ಎಂದು ಊರು ಅನ್ನುತ್ತಿತ್ತು. ಊರಿಗಿಂತ ಮೊದಲು ನಾನೇ ಅನ್ನುತ್ತಿದ್ದೆ. ಆ ಜಂಬ ಇಳಿಸಿದವಳು ಸಾಸಲು ಕಡೆಯ ಮುನಿವೆಂಕಟಮ್ಮ.

ಆಕೆ ರೇಷ್ಮೆ ಹುಳ ಸಾಕುತ್ತಿದ್ದವಳು. ಎಂಬತ್ತೇಳನೇ ಇಸವಿಯಲ್ಲಿ ಊಜಿ ನೊಣ ಬಿದ್ದು ಮೂರು ಬೆಳೆ ಒಂದರ ಹಿಂದೊಂದು ಹಾಳಾದಾಗ, ಹುಳ ಗೂಡು ಕಟ್ಟುವ ಬಿದಿರಿನ ಚಂದ್ರಿಕೆಗಳನ್ನು ಗೋಡೆಗೆ ಒರಗಿಸಿಟ್ಟಳು. ಚಿಕ್ಕಮಗಳೂರಿನ ತೋಟದಲ್ಲಿ ಕೆಲಸಕ್ಕಿದ್ದ ತಮ್ಮ ಜವರಪ್ಪ ತಂದುಕೊಟ್ಟ ಇನ್ನೂರು ಕಾಫಿ ಸಸಿಗಳನ್ನು ಬಾವಿಯ ಪಕ್ಕದ ಹಲಸಿನ ಮರಗಳ ನೆರಳಲ್ಲಿ ನೆಟ್ಟಳು. ಬಯಲುಸೀಮೆಯಲ್ಲಿ ಕಾಫಿಯೇ ಎಂದು ನಕ್ಕವರು ನಾಲ್ಕನೇ ವರ್ಷ ಗಿಡ ಹಣ್ಣು ಬಿಟ್ಟಾಗ ಸುಮ್ಮನಾದರು.

ಆದರೆ ಕೊಯ್ಯುವ ಬಗೆಯನ್ನು ಆಕೆಗೆ ಯಾರೂ ಹೇಳಿಕೊಟ್ಟಿರಲಿಲ್ಲ. ಗೂಡು ಕಟ್ಟಲು ಸಿದ್ಧವಾದ ಹುಳಕ್ಕೆ ರೇಷ್ಮೆಯವರು 'ಹಣ್ಣಾಗಿದೆ' ಅನ್ನುತ್ತಾರೆ. ಹಣ್ಣಾದ ಹುಳವನ್ನಷ್ಟೇ ಗುರುತಿಸಿ ಒಂದೊಂದಾಗಿ ಎತ್ತಿ ಚಂದ್ರಿಕೆಗೆ ಬಿಡುತ್ತಾರೆ. ಮುನಿವೆಂಕಟಮ್ಮ ಕಾಫಿಗೂ ಅದನ್ನೇ ಮಾಡಿದಳು. ಕೊಂಬೆಯನ್ನು ಒಮ್ಮೆಗೇ ಸವರಿ ಕೀಳದೆ, ಕೆಂಪಗೆ ಹಣ್ಣಾದದ್ದನ್ನಷ್ಟೇ ಬಿಡಿಸಿ, ಹಳೆಯ ಚಂದ್ರಿಕೆಗಳ ಮೇಲೆ ಒಣಹಾಕಿದಳು. ಹುಳದ ಮನೆಯ ಕಟ್ಟುಪಾಡೂ ಜೊತೆಗೆ ಬಂತು: ಹತ್ತಿರ ಒಗ್ಗರಣೆ ಇಲ್ಲ, ಬೀಡಿ ಇಲ್ಲ. ಗಂಡ ಪಿಳ್ಳಣ್ಣ ಬೇಲಿಯಾಚೆ ನಿಂತು ಸೇದುತ್ತಿದ್ದ.

ಆಗೆಲ್ಲ ಬೆಳೆದ ಕಾಫಿ ಸರ್ಕಾರದ ಒಂದೇ ರಾಶಿಗೆ ಸೇರಬೇಕಿತ್ತು. ಆಕೆಯ ಬೆಳೆಯೂ ಹಾಗೇ ಹೋಗಿ ಕಲೆತುಹೋಗುತ್ತಿತ್ತು. ಕಟ್ಟಳೆ ಸಡಿಲವಾಗಿ ಸಣ್ಣ ಬೆಳೆಗಾರರು ಬೇಕಾದವರಿಗೆ ಮಾರಬಹುದೆಂದು ಆದ ಮೇಲೆ, ತೊಂಬತ್ತಾರರ ಮಾರ್ಚಿಯಲ್ಲಿ, ಗಂಡ ಹೆಂಡತಿ ಒಂದು ಮೂಟೆ ಬೀಜ ಹೊತ್ತು ನನ್ನ ಅಂಗಡಿಗೆ ಬಂದರು.

"ಆ ರಾಶಿಗೆ ಸುರಿಯಮ್ಮ, ತೂಕ ಹಾಕ್ತೀನಿ," ಎಂದೆ.

"ರಾಶಿಗೆ ಸುರಿಯಲ್ಲ ಸಂಜೀವಪ್ಪನೋರೆ. ನಂದು ಬೇರೆ ಡಬ್ಬದಲ್ಲಿಡಿ. ಮೇಲೆ ನನ್ನ ಹೆಸರು ಬರೀರಿ."

ನನಗೆ ನಗು ಬಂತು. ಚಂದ್ರಿಕೆಯ ಕಥೆ ಕೇಳಿ ಇನ್ನೂ ನಕ್ಕೆ. "ಕೆಲಸ ಇಲ್ಲದ ಬಡಗಿ ಮಗನ ಕುಂಡೆ ಕೆತ್ತಿದ್ನಂತೆ. ಕಾಫಿ ಏನು ಗೂಡು ಕಟ್ತದೇನಮ್ಮಾ?"

ಆಕೆ ನಗಲಿಲ್ಲ. "ಗೂಡಿನ ಮಾರ್ಕೆಟ್ನಾಗೆ ಒಬ್ಬರ ಗೂಡಿಗೆ ಇನ್ನೊಬ್ಬರದು ಬೆರೆಸ್ತಾರಾ? ನನ್ನ ಗೂಡು ನನ್ನ ಹೆಸರಲ್ಲೇ ಹರಾಜಾಗ್ತಿತ್ತು. ಒಂಬತ್ತು ವರ್ಷ ಈ ಗಿಡ ಸಾಕಿದೀನಿ. ಬೆರೆಸಿಬಿಟ್ರೆ ನಾನು ಬೆಳೆದೇ ಇಲ್ಲ ಅಂದಂಗೆ." ಮೂಟೆಯ ಬಾಯಿ ಬಿಚ್ಚಿ ಅಂದಳು: "ಎರಡೂ ಹುರಿದು ಕುಡೀರಿ. ವ್ಯತ್ಯಾಸ ಕಾಣದಿದ್ರೆ ನಂದೂ ರಾಶಿಗೆ ಸುರ್ಕೊಳ್ಳಿ, ಪುಕ್ಕಟೆ. ಕಂಡ್ರೆ ಡಬ್ಬ."

ಪುಕ್ಕಟೆ ಎಂಬ ಮಾತು ಕಿವಿಗೆ ಬಿದ್ದದ್ದೇ ಪಿಳ್ಳಣ್ಣ ಬೀಡಿ ತಡಕಾಡುತ್ತ ಹೊರಗೆ ಹೋದ.

ಎರಡನ್ನೂ ಹುರಿದೆ, ಬೀಸಿದೆ, ಚಿಕೋರಿ ಮುಟ್ಟಿಸದೆ ಡಿಕಾಕ್ಷನ್ ಇಳಿಸಿದೆ. ಯಾವುದು ಯಾವುದೆಂದು ನನಗೆ ತಿಳಿಯದಂತೆ ಪಕ್ಕದ ಅಂಗಡಿಯ ಟೈಲರ್ ಮುನಿಶಾಮಪ್ಪ ಲೋಟ ತಂದಿಟ್ಟ. ಮೊದಲನೆಯದು ದಿನಾ ಕುಡಿಯುವ ಕಾಫಿ. ಎರಡನೆಯದು ಬಾಯಿಗಿಟ್ಟೆ. ಒಗರಿಲ್ಲ, ಹೊಗೆಯ ವಾಸನೆಯಿಲ್ಲ. ಮಾಗಿದ ಹಣ್ಣಿನ ತೆಳುವಾದ ಸಿಹಿ, ನುಂಗಿದ ಮೇಲೂ ನಾಲಗೆಯ ಮೇಲೇ ಕೂತಿತ್ತು.

ಎರಡೂ ಒಂದೇ ಎಂದಿದ್ದರೆ ಮೂಟೆ ನನ್ನದಾಗುತ್ತಿತ್ತು. ಆಕೆ ಸೆರಗಿನ ತುದಿ ಬಿಗಿಯಾಗಿ ಹಿಡಿದು ನನ್ನ ಮುಖವನ್ನೇ ನೋಡುತ್ತಿದ್ದಳು. ಮೂವತ್ತು ವರ್ಷ ನಾನು ಏನು ಕುಡಿದೆ, ಏನು ಕುಡಿಸಿದೆ ಎಂದು ನಾಚಿಕೆಯಾಯಿತು.

"ಇದು ನಿಮ್ದು ತಾಯಿ," ಎಂದೆ. "ಇದನ್ನ ಬೆರೆಸಿದ್ರೆ ಪಾಪ ಬರ್ತದೆ."

ಹೊಸ ಡಬ್ಬದ ಮೇಲೆ 'ಸಾಸಲು ಕಾಫಿ' ಎಂದು ಬಣ್ಣದಲ್ಲಿ ಬರೆದು ಓದಿ ಹೇಳಿದೆ. ಆಕೆ ತಲೆಯಾಡಿಸಿದಳು.

"ಸಾಸಲಲ್ಲಿ ಬೇಜಾನ್ ಜನ ಇದಾರೆ. ಬಗ್ಗಿ ಬಗ್ಗಿ ಆರಿಸಿದ್ದು ನಾನು."

ಅಳಿಸಿ ಬರೆದೆ: 'ಮುನಿವೆಂಕಟಮ್ಮನ ಕಾಫಿ'. ಒಂದೊಂದೇ ಅಕ್ಷರದ ಮೇಲೆ ಬೆರಳಾಡಿಸಿದಳು. ಬೆರಳಿಗೆ ಹತ್ತಿದ ಹಸಿ ಬಣ್ಣವನ್ನು ಒರೆಸಿಕೊಳ್ಳದೆಯೇ ಬಸ್ಸು ಹತ್ತಿದಳು.

ಜೂನ್ ಹೊತ್ತಿಗೆ ಡಬ್ಬ ಖಾಲಿ. ಕೇಳಿಕೊಂಡು ಬರುವವರು ಮಾತ್ರ ನಿಲ್ಲಲಿಲ್ಲ.

"ಬೇರೆ ಏನಾದ್ರೂ ತುಂಬ್ಸು ಗುರು, ಯಾರಿಗೆ ಗೊತ್ತಾಗ್ತದೆ?" ಎಂದ ಮುನಿಶಾಮಪ್ಪ.

"ನನ್ನ ಮೂಗಿಗೆ ಗೊತ್ತಾಗ್ತದೆ ಕಣಯ್ಯ."

ಆ ವರ್ಷವೆಲ್ಲ ಖಾಲಿ ಡಬ್ಬವನ್ನೇ ಮುಂದಿನ ಸಾಲಿನಲ್ಲಿ, ಹೆಸರು ಬೀದಿಗೆ ಕಾಣುವಂತೆ ಇಟ್ಟಿದ್ದೆ. ತುಂಬಿದ ಡಬ್ಬಗಳನ್ನೆಲ್ಲ ದಾಟಿ ಜನ ಅದನ್ನೇ ನೋಡಿ, "ಆಯಮ್ಮಂದು ಇನ್ನೂ ಬಂದಿಲ್ವಾ?" ಎಂದು ಕೇಳುತ್ತಿದ್ದರು.

"ಹಣ್ಣಾಗ್ಬೇಕಲ್ಲ," ಅನ್ನುತ್ತಿದ್ದೆ.