ಸಂತ್ರಾ ತೋಟಕ್ಕೆ ಹೋಗಿ ಬಂದ ಚೌಕಟ್ಟು

ನಕ್ಷೆಯಲ್ಲಿ ನಮ್ಮ ಜಾಗ ಹಳದಿ ಬಣ್ಣದೊಳಗೆ ಬಿದ್ದಿದೆ ಎಂದು ತಿಳಿದ ದಿನ ನಾನು ಮನೆಯಲ್ಲಿ ಹೋಳಿಗೆ ಮಾಡಿದೆ. ಹಬ್ಬವೇನೂ ಇರಲಿಲ್ಲ. ನಾಗಪುರದ ಬೇಸಿಗೆ, ಕೂಲರಿನ ಮುಂದೆ ಕೂತವರೂ ಬೆವರುವ ಹೊತ್ತು. ಆ ಸೆಕೆಯಲ್ಲಿ ಒಲೆಯ ಮುಂದೆ ನಿಂತು ಹೂರಣ ಕಟ್ಟಿದೆ ಎಂದರೆ ನನ್ನ ಖುಷಿ ಎಷ್ಟಿತ್ತೆಂದು ಲೆಕ್ಕ ಹಾಕಿಕೊಳ್ಳಿ.

ಕಳಮೇಶ್ವರದ ಆಚೆ ಒಂದು ಹಳ್ಳಿಯ ಅಂಚಿನಲ್ಲಿ ನಾವು ಸಣ್ಣ ಜಾಗ ತೆಗೆದುಕೊಂಡಿದ್ದೆವು. ಒಂದು ಮಗ್ಗುಲಿಗೆ ಊರು, ಇನ್ನೊಂದು ಮಗ್ಗುಲಿಗೆ ಸಂತ್ರಾ ತೋಟ. ಕಿತ್ತಳೆ ಎಂದರೆ ಇಲ್ಲಿ ಯಾರಿಗೂ ತಿಳಿಯುವುದಿಲ್ಲ. ಸರಕಾರಿ ನಕ್ಷೆಯಲ್ಲಿ ಹಳದಿ ಬಣ್ಣವಿದ್ದರೆ ಮನೆ ಕಟ್ಟಬಹುದು, ಹಸಿರು ಇದ್ದರೆ ಅದು ಬೇಸಾಯಕ್ಕೇ ಮೀಸಲು. ನಮ್ಮ ಜಾಗ ಎರಡರ ಗಡಿಯಲ್ಲಿತ್ತು. ಗೆರೆ ಈಚೆಗೊಂದಿಷ್ಟು ಸರಿದಿದ್ದರೆ ಮನೆಯ ಮಾತೇ ಇರಲಿಲ್ಲ. ನಮ್ಮವರು ಸಿವಿಲ್ ಲೈನ್ಸ್‌ನ ಕಚೇರಿಯಿಂದ ಫೋನ್ ಮಾಡಿ, "ಏ, ಹಳದಿ ಐತಿ, ಹಳದಿ!" ಎಂದು ಕೂಗಿದಾಗ, ಹಿಂದೆ ಯಾರೋ ನಕ್ಕದ್ದು ನನಗೂ ಕೇಳಿಸಿತು.

ನಗುವವರಿಗೇನು ಗೊತ್ತು! ಮದುವೆಯಾದಾಗಿನಿಂದ ನಾನು ಸರಕಾರಿ ಕ್ವಾರ್ಟರ್ಸಿನಲ್ಲೇ ಸಂಸಾರ ಮಾಡಿದವಳು. ಯಾವ ಊರಿಗೆ ವರ್ಗವಾದರೂ ಅದೇ ಬಣ್ಣದ ಬಾಗಿಲು, ಅದೇ ಗೋಡೆ, ಮೊಳೆ ಹೊಡೆಯಬೇಕಾದರೂ ಅಂಜಿಕೆ. ಬಾಗಿಲಿಗೆ ಹೊಸ್ತಿಲು ಮಾತ್ರ ಎಲ್ಲೂ ಇರಲಿಲ್ಲ. ಕೆಳಗಿನ ಸಿಮೆಂಟಿನ ಪಟ್ಟಿಗೇ ಶುಕ್ರವಾರ ಶುಕ್ರವಾರ ಅರಿಶಿಣ ಹಚ್ಚಿ, ಕುಂಕುಮ ಇಟ್ಟು, ಇದೇ ನನ್ನ ಹೊಸ್ತಿಲು ಎಂದುಕೊಂಡು ಬಂದೆ. ನಮ್ಮವರ ನಿವೃತ್ತಿ ಹತ್ತಿರ ಬಂದಿತ್ತು. ಕ್ವಾರ್ಟರ್ಸ್ ಬಿಡುವಾಗ ಕಾಲಿಡಲು ನಮ್ಮದೇ ಒಂದು ಹೊಸ್ತಿಲು ಬೇಕು, ನನಗಿದ್ದದ್ದು ಇದೊಂದೇ ಆಸೆ.

ಹಳದಿ ಬಣ್ಣ ಖಚಿತವಾಯಿತು, ಪಂಚಾಯಿತಿಯವರು ನಮ್ಮ ತಕರಾರಿಲ್ಲ ಎಂದು ಬರೆದುಕೊಟ್ಟರು, ಮನೆಯ ನಕ್ಷೆಯೂ ಕಚೇರಿಗೆ ಹೋಯಿತು. ಉಳಿದದ್ದು ಒಂದೇ. ಇಂಜಿನಿಯರ್ ಬಂದು ಖಾಲಿ ಜಾಗವನ್ನು ಅಳೆದು ಫೋಟೋ ತೆಗೆದುಕೊಂಡು ಹೋಗಬೇಕು. ಅದು ಮಳೆಗೆ ಮುಂಚೆ ಆಗಬೇಕು, ಏಕೆಂದರೆ ಅಲ್ಲಿಯದು ಕರಿ ಮಣ್ಣಿನ ದಾರಿ. ಒಂದು ಮಳೆ ಬಿದ್ದರೆ ಜೀಪು ದಸರೆಯ ತನಕ ಆ ಕಡೆ ತಲೆ ಹಾಕುವಂತಿಲ್ಲ.

ಇಂಜಿನಿಯರರ ದಾರಿ ಕಾಯುತ್ತಿದ್ದಾಗಲೇ ನನ್ನ ಅಣ್ಣ ಬಂದ. ವಿಜಯಪುರದ ಕಡೆಯ ನಮ್ಮ ಊರಿನಿಂದ, ಟೆಂಪೋದಲ್ಲಿ, ಗೋಣಿಚೀಲ ಸುತ್ತಿದ ಬಾಗಿಲ ಚೌಕಟ್ಟಿನ ಜೊತೆಗೆ. ಊರಿನ ಬಡಿಗೇರರು ಮಾಡಿದ್ದು, ತೇಗದ್ದು. ಮೇಲೆ ಎರಡು ಗಿಳಿ, ನಡುವೆ ಕಮಲ, ಕೆಳಗೆ ಒಂದು ಗೇಣು ಎತ್ತರದ ಹೊಸ್ತಿಲು! ನಾನು ಅದನ್ನು ಸವರುತ್ತ ಕೂತುಬಿಟ್ಟೆ.

"ಅಳಬ್ಯಾಡವಾ ತಂಗಿ, ಕಟಗಿ ಉಬ್ಬತೈತಿ" ಎಂದ ಅಣ್ಣ. ಮರುಕ್ಷಣವೇ ಬಾಂಬು ಹಾಕಿದ. "ನಾಳೆ ಮುಂಜಾನೆ ಮುಹೂರ್ತ ಐತಿ. ನಮ್ಮ ಅಯ್ಯನೋರು ತೆಗದ ಕೊಟ್ಟಾರ. ನಿಲ್ಲಿಸೇಬಿಡೂಣು."

ನಮ್ಮವರು ಕನ್ನಡಕ ತೆಗೆದರು. "ಬೀಗರ, ಪರವಾನಗಿ ಇನ್ನೂ ಬಂದಿಲ್ಲ. ಪಾಯಾನ ಇಲ್ಲ. ಬಾಗಲಾ ಎದರ ಮ್ಯಾಲ ನಿಲ್ಲಸ್ತೀರಿ?"

"ಭೂಮಿ ಮ್ಯಾಲ. ಪಾಯ ಆಮ್ಯಾಲ ಬರ್ಲಿ. ಬರೇ ಬಾಗಲಾ ನಿಲ್ಲಿಸಿದ್ರ ಅದು ಮನಿ ಆಗತೈತೇನ್ರಿ? ಗ್ವಾಡಿ ಎಲ್ಲೈತಿ, ಮಾಳಗಿ ಎಲ್ಲೈತಿ?"

ಜೀವಮಾನವೆಲ್ಲ ನಿಯಮದ ಪ್ರಕಾರ ಸಹಿ ಹಾಕಿದ ಮನುಷ್ಯ ಈ ಪ್ರಶ್ನೆಗೆ ಉತ್ತರ ಹುಡುಕುವಷ್ಟರಲ್ಲಿ ನಾನು ಅಣ್ಣನ ಕಡೆ ಸೇರಿಯಾಗಿತ್ತು.

ಮರುದಿನ ಬಿಸಿಲೇರುವ ಮೊದಲೇ ಬಟಾಬಯಲಿನಲ್ಲಿ ನಮ್ಮ ಬಾಗಿಲು ನಿಂತಿತು. ಎರಡು ಗುಂಡಿ ತೋಡಿ, ಕಾಲು ಇಳಿಸಿ, ಕಲ್ಲು ಮಣ್ಣು ಜಡಿದು, ಮಾವಿನ ತೋರಣ ಕಟ್ಟಿದೆವು. ತೋಟದ ಕಾಕಾ, ಕಾಕು ಇಬ್ಬರೂ ಬಂದರು. ನಮಗಿಂತ ಹಿರಿಯರು, ಮರಾಠಿಯವರು, ಜಾಗ ಕೊಂಡಾಗಿನಿಂದ ನಮಗೆ ನೀರು ನೆರಳು ಕೊಟ್ಟವರು. ಕಾಕು ಆ ಕಡೆಯಿಂದ ಈ ಕಡೆ ಹೊಸ್ತಿಲು ದಾಟಿ ಬಂದು, "ಅಗಬಾಯಿ! ಒಳಗೆ ಎಷ್ಟು ಗಾಳಿ!" ಎಂದು ಸೆರಗಿನಿಂದ ಗಾಳಿ ಹಾಕಿಕೊಂಡರು. ನಕ್ಕು ನಕ್ಕು ಸಾಕಾಯಿತು.

ನಗು ಇನ್ನೂ ಮುಗಿದಿರಲಿಲ್ಲ, ನಮ್ಮವರಿಗೆ ಕಚೇರಿಯಿಂದ ಫೋನ್ ಬಂತು. ಇಂಜಿನಿಯರ್ ಮ್ಯಾಡಮ್ ಆ ಕಡೆಗೇ ಬಂದಿದ್ದಾರಂತೆ, ಹಾದಿಯಲ್ಲೇ ನಮ್ಮ ಜಾಗವನ್ನೂ ನೋಡಿಬಿಡುತ್ತಾರಂತೆ. ನಮ್ಮವರ ಮುಖ ಬಾಡಿತು. ಏನಾದರೂ ಯೋಚಿಸುವ ಮೊದಲೇ ಜೀಪು ಧೂಳೆಬ್ಬಿಸುತ್ತ ಬಂದು ನಿಂತಿತು.

ಬಿಸಿಲಿಗೆಂದು ಮುಖದ ತುಂಬ ದುಪಟ್ಟಾ ಸುತ್ತಿಕೊಂಡಿದ್ದ ಹುಡುಗಿ, ನನ್ನ ಅಣ್ಣನ ಮಗಳ ವಯಸ್ಸಿರಬೇಕು. ಇಳಿದವರೇ ದುಪಟ್ಟಾ ಬಿಚ್ಚಿ ಬಾಗಿಲನ್ನು ನೋಡಿದರು. "ಹೇ ಕಾಯ್?" ಎಂದರು. ಇದೇನು?

ಅಣ್ಣ ತನ್ನ ಹಿಂದಿಯನ್ನು ಹೊರತೆಗೆದ. "ಮ್ಯಾಡಮ್‌ಜೀ, ಸಿರ್ಫ್ ದರ್ವಾಜಾ. ಮಕಾನ್ ನಹೀ." ಬರೀ ಬಾಗಿಲು, ಮನೆಯಲ್ಲ.

ಅವರು ಹತ್ತಿರ ಹೋಗಿ ಚೌಕಟ್ಟನ್ನು ಅಲುಗಾಡಿಸಿ ನೋಡಿದರು. ಅದು ಅಲುಗಲಿಲ್ಲ. ಅಣ್ಣ ಅಷ್ಟು ಗಟ್ಟಿಯಾಗಿ ಜಡಿದಿದ್ದ. ಮ್ಯಾಡಮ್ ನನ್ನ ಕಡೆ ತಿರುಗಿ ಮರಾಠಿಯಲ್ಲಿ, "ನೆಲದಲ್ಲಿ ನೆಟ್ಟರೆ ಕಟ್ಟಡ ಶುರುವಾದಂತೆ. ಪರವಾನಗಿ ಇಲ್ಲದೆ ಶುರು ಮಾಡಿದ್ದಾರೆ ಅಂತ ನಾನು ಬರೆಯಬೇಕಾಗುತ್ತದೆ. ಬರೆದರೆ ನಿಮ್ಮ ಫೈಲು ಬೇರೆ ದಾರಿ ಹಿಡಿಯುತ್ತದೆ. ಆ ದಾರಿ ಬಹಳ ಉದ್ದ" ಎಂದರು.

"ಕಿತ್ತು ಇಲ್ಲೇ ಇಟ್ಟರೆ?"

"ಮಲಗಿಸಿಟ್ಟರೆ ಅದು ಸಾಮಾನು. ಅಡ್ಡಿಯಿಲ್ಲ." ಗಡಿಯಾರ ನೋಡಿದರು. "ಮುಂದಿನ ಊರಿನಲ್ಲಿ ಒಂದು ಜಾಗ ನೋಡಿ ಇದೇ ದಾರಿಯಲ್ಲಿ ವಾಪಸ್ ಬರುತ್ತೇನೆ. ಆಗ ಏನಿರುತ್ತದೋ ಅದರ ಫೋಟೋ." ಜೀಪು ಹೋಯಿತು.

ನಮ್ಮವರು ಆಗಲೇ ಗುದ್ದಲಿ ಹಿಡಿದಿದ್ದರು. ಅಣ್ಣ ಚೌಕಟ್ಟಿಗೆ ಅಡ್ಡ ನಿಂತ. "ಪೂಜಿ ಮಾಡಿ ನಿಲ್ಲಿಸಿದ ಹೊಸ್ತಿಲಾ ಮಲಗಸೂದು ನಮ್ಮನ್ಯಾಗ ಇಲ್ರಿ. ಆ ಮನಿಗೆ ಏಳಿಗಿ ಇರೂದಿಲ್ಲ."

"ಮತ್ತ ಕೈಯಾಗ ಹಿಡಕೊಂಡ ನಿಂದರೂಣೇನು? ಫೋಟೋದಾಗ ನೀವೊಂದು ಕಂಬ, ನಾವೊಂದು ಕಂಬ?"

ಅಣ್ಣ ಊರಿನ ಅಯ್ಯನೋರಿಗೆ ಫೋನ್ ಹಚ್ಚಿದ. ಸ್ಪೀಕರಿನಲ್ಲಿ ಅವರ ದನಿ ಬಂತು. "ಎತ್ತರಿ, ಏನಾಗೂದಿಲ್ಲ. ಖರೆ ಮಲಗಸಬ್ಯಾಡ್ರಿ. ನಿಂತಕೊಂಡ ಹೋಗ್ಲಿ, ನಿಂತಕೊಂಡ ಬರ್ಲಿ."

ಎಲ್ಲಿಗೆ ಹೋಗಲಿ? ನಮ್ಮ ಬಯಲಿನಲ್ಲಿ ಒರಗಿಸಲು ಒಂದು ಗಿಡವೂ ಇಲ್ಲ. ನಾನು ಸುತ್ತ ನೋಡಿದೆ. ಬದುವಿನ ಆಚೆ, ಸಂತ್ರಾ ಸಾಲುಗಳ ನಡುವೆ, ಬಾವಿಯ ಪಕ್ಕ ಒಂದು ಬೇವಿನ ಮರ. "ಕಾಕಾ, ನಿಮ್ಮ ಬೇವಿನ ಮರಕ್ಕೆ ಕಟ್ಟಲೇ?" ಎಂದೆ.

ಕಾಕಾ ಮೀಸೆಯಲ್ಲೇ ನಕ್ಕರು. "ನಮ್ಮದು ಹಸಿರು ಜಾಗ, ವೈನಿ. ನನ್ನ ತೋಟದಲ್ಲಿ ಮನೆ ಕಟ್ಟಲು ಹೊರಟಿರೇನು?"

"ಮಾತು ಸಾಕು, ಜಲ್ದಿ ಎತ್ತಿ!" ಎಂದು ಕಾಕು ಗದರಿಸಿದರು.

ಕಲ್ಲು ಕಿತ್ತು, ಅಲುಗಾಡಿಸಿ, ಹೋ ಎಂದು ಎತ್ತಿದೆವು. ಒಂದು ಕಡೆ ಅಣ್ಣ ಮತ್ತು ನಾನು, ಇನ್ನೊಂದು ಕಡೆ ಕಾಕಾ ಮತ್ತು ನಮ್ಮವರು. ಯಾರ ವಯಸ್ಸೂ ಐವತ್ತಕ್ಕೆ ಕಡಿಮೆಯಿಲ್ಲ. ಮುಂದೆ ಕಾಕು ಟೊಂಗೆಗಳನ್ನು ಸರಿಸುತ್ತ ದಾರಿ ಬಿಡಿಸಿದರು. ತೋರಣದ ಸಮೇತ ಬಾಗಿಲು ನೆಟ್ಟಗೆ ನಿಂತುಕೊಂಡೇ ಬದು ಹತ್ತಿತು, ಇಳಿಯಿತು, ನೀರಿನ ಪೈಪು ದಾಟಿತು. ಗಿಳಿಗಳ ತಲೆ ಟೊಂಗೆಗೆ ತಾಗಿ ಹಸಿರು ಕಾಯಿಗಳು ಅಣ್ಣನ ತಲೆಯ ಮೇಲೆ ಉದುರಿದವು.

"ಬೀಗರ, ನಿಮಗ ಮದವಿ ಅಕ್ಕಿಕಾಳ ಬೀಳಾಕತ್ತಾವ!" ಎಂದು ನಮ್ಮವರು ಏದುಸಿರಿನಲ್ಲೇ ಚುಡಾಯಿಸಿದರು.

"ನಗಸಬ್ಯಾಡ್ರಿ, ಕೈ ಜಾರತೈತಿ!"

ಬೇವಿನ ಮರ ಇನ್ನೂ ದೂರವಿತ್ತು. ಜೀಪಿನ ಹಾರ್ನ್ ಕೇಳಿಸಿತು. ನಾನು ತಿರುಗಿ ನೋಡಿದೆ, ಚೌಕಟ್ಟು ವಾಲಿತು. ಅಷ್ಟರಲ್ಲಿ ಜೀಪಿನ ಡ್ರೈವರ್ ಹಾರಿ ಬಂದು ನನ್ನ ಕಡೆಗೆ ಹೆಗಲು ಕೊಟ್ಟ. ಬಾಗಿಲು ಮರಕ್ಕೆ ಒರಗಿತು. ಕಾಕು ಬಾವಿಯ ಹಗ್ಗದಿಂದ ಅದನ್ನು ಬಿಗಿದು ಕಟ್ಟಿದರು, ಹಾಲು ಕೊಡುವ ಎಮ್ಮೆಯನ್ನು ಕಟ್ಟಿದ ಹಾಗೆ.

ಮ್ಯಾಡಮ್ ಖಾಲಿ ಜಾಗದ ನಾಲ್ಕೂ ಕಡೆ ಅಳೆದರು, ಫೋಟೋ ತೆಗೆದರು. "ಈ ಗುಂಡಿ?" ಎಂದರು.

"ಬಾಗಿಲಿನದೇ ಮ್ಯಾಡಮ್" ಎಂದು ನಮ್ಮವರು ಕಾಲಿನಿಂದಲೇ ಮಣ್ಣು ತಳ್ಳಿ ಮುಚ್ಚಿದರು. ಸುಳ್ಳು ಹೇಳಲು ಅವರಿಗೆ ಬರುವುದೇ ಇಲ್ಲ.

ಮ್ಯಾಡಮ್ ಬರೆದುಕೊಂಡದ್ದೇನೆಂದು ನಮಗೆ ಕಾಣಲಿಲ್ಲ. ನೀರು ಕುಡಿಯಲು ಬಾವಿಯ ಹತ್ತಿರ ಬಂದರು. ಮರಕ್ಕೆ ಕಟ್ಟಿದ್ದ ಬಾಗಿಲನ್ನು ಒಂದು ಗಳಿಗೆ ನೋಡಿದರು. ಮರಕ್ಕೂ ಒರಗಿದ ಚೌಕಟ್ಟಿನ ಕೆಳಭಾಗಕ್ಕೂ ನಡುವೆ ಒಬ್ಬರು ನುಸುಳುವಷ್ಟು ಸಂದಿಯಿತ್ತು. ಚಪ್ಪಲಿ ಕಳಚಿ, ಹೊಸ್ತಿಲನ್ನು ತುಳಿಯದೆ ದಾಟಿ, ಆ ಸಂದಿಯಿಂದ ಆಚೆ ಹೋದರು. "ಛಾನ್ ಆಹೇ" ಎಂದರು. ಚೆನ್ನಾಗಿದೆ. ನಾನು ಬೆಲ್ಲ ತರಲು ಕಾಕುವಿನ ಮನೆಗೆ ಓಡಿದೆ.

ಅಣ್ಣ ಊರಿಗೆ ಹೋದ. ನಾವು ಕಾದೆವು. ನಮ್ಮವರು ಊಟಕ್ಕೆ ಮುಂಚೆ ಒಮ್ಮೆ, ಊಟದ ನಂತರ ಒಮ್ಮೆ ಫೋನಿನಲ್ಲಿ ನಮ್ಮ ಅರ್ಜಿ ಎಲ್ಲಿಗೆ ಬಂತೆಂದು ನೋಡುವರು. ನಾನು ಆಕಾಶ ನೋಡುವೆ. ಮೊದಲ ಮೋಡ ಕಾಣಿಸಿದ ವಾರ, ರೊಟ್ಟಿ ತಟ್ಟುತ್ತಿದ್ದೆ, ಒಳಗಿನಿಂದ ಕೂಗು ಕೇಳಿಸಿತು. "ಪರವಾನಗಿ ಬಂತು! ಏ, ಬಂತು!" ನಮ್ಮವರು ಕ್ವಾರ್ಟರ್ಸಿನ ಆ ಸಿಮೆಂಟಿನ ಪಟ್ಟಿಯ ಮೇಲೆ ನಿಂತು ಮಗುವಿನಂತೆ ಕುಣಿದರು. ನನ್ನ ರೊಟ್ಟಿ ಹಂಚಿನ ಮೇಲೆ ಸೀದು ಹೋಯಿತು.

ದಸರೆ ಕಳೆದು ಪಾಯ ತುಂಬಿದ ಮೇಲೆ ಚೌಕಟ್ಟು ತರಲು ತೋಟಕ್ಕೆ ಹೋದೆವು. ನೋಡಿದರೆ ಅದರ ಮುಂದೆ ರಂಗೋಲಿ! ಶುಕ್ರವಾರ ತಪ್ಪದೆ ಕಾಕು ಹೊಸ್ತಿಲಿಗೆ ಅರಿಶಿಣ ಕುಂಕುಮ ಏರಿಸಿದ್ದರು. ಮಳೆ ತಾಗದಂತೆ ಮೇಲೆ ಹಳೆಯ ತಾಡಪತ್ರಿ ಕಟ್ಟಿದ್ದರು. ಗೌಂಡಿಗಳು ಹಗ್ಗ ಬಿಚ್ಚಲು ಹೋದಾಗ ಕಾಕು ತಡೆದರು.

"ನಿಲ್ಲಿ. ಇಷ್ಟು ದಿನ ನಮ್ಮಲ್ಲಿದ್ದಳು. ಬರಿಗೈಯಲ್ಲಿ ಕಳಿಸಲೇ?"

ಒಳಗಿನಿಂದ ಖಣ, ತೆಂಗಿನಕಾಯಿ, ಅಕ್ಕಿ ತಂದು, ಗಂಟು ಕಟ್ಟಿ, ಎರಡು ಗಿಳಿಗಳ ನಡುವೆ ಬಿಗಿದರು. ಮಗಳಿಗೆ ಉಡಿ ತುಂಬುವ ಹಾಗೆ! ನಾನು ಅಲ್ಲಿಂದಲೇ ಅಣ್ಣನಿಗೆ ಫೋನ್ ಮಾಡಿ ಹೇಳಿದೆ. "ಹಂಗಾರ ಆ ಬಾಗಲಕ್ಕ ಈಗ ಎರಡು ತವರಮನಿ ಆದ್ವು ಬಿಡವಾ" ಎಂದ.

ಚೌಕಟ್ಟು ನಿಂತುಕೊಂಡೇ ವಾಪಸ್ ಬಂತು. ಮುಂದೆ ಕಾಕು, ಹಿಂದೆ ಅದೇ ಕಾಯಿಗಳು ಉದುರುತ್ತ. ಈ ಸಲ ಅವು ಇನ್ನಷ್ಟು ದಪ್ಪಗಾಗಿ, ನಮ್ಮವರ ಬೋಳು ತಲೆಗೇ ಬಿದ್ದವು. ಪಾಯದ ಮೇಲೆ ಬಾಗಿಲು ನಿಂತಿತು. ಅಂದು ಶುಕ್ರವಾರವಲ್ಲ. ಆದರೂ ಕೂತು ಹೊಸ್ತಿಲಿಗೆ ಅರಿಶಿಣ ಹಚ್ಚಿದೆ. ಸಿಮೆಂಟಿನ ಬದಲು ತೇಗದ ಎಳೆ ಬೆರಳಿಗೆ ತಾಗಿತು.