ಟಾಂಟಿ ಒಲಿಂಡಾಳ ಸಪ್ಪೆ ಎಡೆ

ನಮ್ಮೂರು ಲೆಸ್ಟೆರಿನಲ್ಲಿ ಸತ್ತವರಿಗೆ ಅಡಿಗೆ ಮಾಡಿಸುವುದಿದ್ದರೆ ಟಾಂಟಿ ಒಲಿಂಡಾಳನ್ನೇ ಕರೆಯಬೇಕು. ಬದುಕಿರುವವರಿಗೆ ಯಾರು ಬೇಯಿಸಿ ಹಾಕಿದರೂ ನಡೆಯುತ್ತದೆ. ನಾನೂ ಹಾಕುತ್ತೇನೆ, ನನ್ನ ಗಂಡ ಗೊಣಗಿಕೊಂಡಾದರೂ ತಿಂದು ಮುಗಿಸುತ್ತಾನೆ. ಆದರೆ ಹಿರಿಯರ ಎಡೆ ಎಂದರೆ ಹುಡುಗಾಟವಲ್ಲ. ನಮ್ಮ ಕಾರಿಯಾಕು ದ್ವೀಪದ ಯಾವ ಮೂಲೆಯಲ್ಲೇ ಆಗಲಿ, ಗೋರಿಗೆ ಕಲ್ಲು ನಿಲ್ಲಿಸುವಾಗ, ಹೊಸ ದೋಣಿ ನೀರಿಗಿಳಿಸುವಾಗ, ತೀರಿಕೊಂಡ ಅಜ್ಜಿ ಯಾರದೋ ಕನಸಿಗೆ ಬಂದು ಹಸಿವು ಎಂದಾಗ, ಮೊದಲು ಹೇಳಿಕಳಿಸುತ್ತಿದ್ದದ್ದು ಒಲಿಂಡಾಳ ಅಂಗಳಕ್ಕೆ. ನಲವತ್ತು ವರ್ಷ ಆ ಕೆಲಸ ಅವಳದೇ.

ಅವಳು ನನಗೆ ನೆಂಟಳೇನಲ್ಲ. ಅತ್ತೆ, ಚಿಕ್ಕಮ್ಮ ಯಾರಿಗಾದರೂ ನಮ್ಮಲ್ಲಿ ಟಾಂಟಿ ಎನ್ನುವುದು; ಅವಳನ್ನು ಊರೆಲ್ಲ ಹಾಗೆ ಕರೆಯುತ್ತದೆ, ಪಕ್ಕದ ಮನೆಯವಳಾದ್ದರಿಂದ ನಾನು ಸ್ವಲ್ಪ ಜಾಸ್ತಿ ಕರೆಯುತ್ತೇನೆ. ಈಗ ಎಪ್ಪತ್ತೊಂದು ವರ್ಷ. ಆಳು ಕುಳ್ಳಿ, ಬಾಯಿ ಮಾತ್ರ ಕೊಲ್ಲಿಯ ಆಚೆ ದಡಕ್ಕೂ ಕೇಳುತ್ತದೆ. ಗಂಡ ಚಿಕ್ಕ ವಯಸ್ಸಿಗೇ ಜ್ವರದಲ್ಲಿ ಹೋದ. ಗುಡ್ಡದ ಮೇಲಿನ ತುಂಡು ನೆಲದಲ್ಲಿ ತೊಗರಿ, ಮೆಕ್ಕೆಜೋಳ ಬೆಳೆದು, ಕೋಳಿ ಸಾಕಿ, ಒಬ್ಬನೇ ಮಗ ಎಲ್ರಿಕ್‌ನನ್ನು ಬೆಳೆಸಿದಳು. ಯಾರ ಮನೆಯಲ್ಲೂ ಒಂದು ಲೋಟ ನೀರು ಕೂಡ ಪುಕ್ಕಟೆ ಕುಡಿದವಳಲ್ಲ, ಆ ಜಂಭ ಅವಳಿಗೆ ಈಗಲೂ ಇದೆ.

ಎಡೆಯ ದಿನ ಅವಳ ಅಂಗಳದಲ್ಲಿ ಎರಡು ಒಲೆ ಹೂಡುತ್ತಿದ್ದಳು, ಒಂದೊಂದಕ್ಕೂ ಮೂರು ಮೂರು ಕಲ್ಲು. ಬಲಗಡೆಯದು ಬಂದ ಜನಕ್ಕೆ. ಅದಕ್ಕೆ ಉಪ್ಪು, ಖಾರ, ಎಲ್ಲ ಬೀಳುತ್ತದೆ, ಅದನ್ನು ನೋಡಿಕೊಳ್ಳುವುದು ನನ್ನ ಕೆಲಸ. ಎಡಗಡೆಯದು ಹಿರಿಯರಿಗೆ. ಅದರಲ್ಲಿ ಹುಂಜ, ಕುರಿಮಾಂಸ, ತೊಗರಿಕಾಳು, ಮೆಕ್ಕೆಜೋಳದ ಹಿಟ್ಟಿನ ಮುದ್ದೆ, ಯಾವುದಕ್ಕೂ ಒಂದು ಹರಳು ಉಪ್ಪು ಬೀಳಕೂಡದು. ನಮ್ಮ ಮೊದಲಿನವರನ್ನು ಕಡಲಾಚೆಯ ಗಿನಿ ನಾಡಿನಿಂದ ಗುಲಾಮರನ್ನಾಗಿ ಹಡಗಿನಲ್ಲಿ ಕಟ್ಟಿ ತಂದರಲ್ಲ, ಅವರು ಸತ್ತ ಮೇಲೆ ಹಾರಿಕೊಂಡು ತಮ್ಮ ನೆಲಕ್ಕೆ ಹೋಗುತ್ತಾರೆ. ಉಪ್ಪು ತಿಂದರೆ ಮೈ ಭಾರವಾಗಿ ಹಾರಲಾರರು, ಇಲ್ಲೇ ಅಲೆದುಕೊಂಡಿರಬೇಕು. ಇನ್ನೊಂದು ಕಟ್ಟಳೆಯೂ ಇದೆ: ಎಡಗಡೆ ಒಲೆಯದನ್ನು ಮಾಡುವವಳು ರುಚಿ ನೋಡುವಂತಿಲ್ಲ. ಹಿರಿಯರು ಉಂಡಾದ ಮೇಲೆಯೇ ಬೇರೆಯವರ ನಾಲಿಗೆಗೆ. ಹಾಗಾಗಿ ಎಲ್ಲ ಕೈಯ ಅಂದಾಜು, ಒಲಿಂಡಾಳ ಕೈ ನಲವತ್ತು ವರ್ಷದಲ್ಲಿ ಒಮ್ಮೆಯೂ ತಪ್ಪಿರಲಿಲ್ಲ.

ಎಲ್ರಿಕ್ ಉಪ್ಪಿನ ಹುಚ್ಚ. ಒಣಗಿಸಿದ ಉಪ್ಪುಮೀನಿನ ಚರ್ಮವನ್ನು ಹಸಿಯಾಗಿಯೇ ಜಗಿಯುತ್ತಿದ್ದ. ತಟ್ಟೆ ಮುಂದಿಟ್ಟರೆ ಬಾಯಿಗಿಡುವ ಮೊದಲೇ ‘ಅಮ್ಮಾ, ಡಬ್ಬ’ ಎಂದು ಕೈ ಚಾಚುತ್ತಿದ್ದ. ಅವಳು ಬೈದುಕೊಂಡೇ ಹಾಲಿನ ಪುಡಿಯ ಹಳೇ ಡಬ್ಬದಿಂದ ಒಂದು ಚಿಟಿಕೆ ಎತ್ತಿ ಅವನ ತಟ್ಟೆಗೆ ಉದುರಿಸುತ್ತಿದ್ದಳು. ಆಮೇಲಾಮೇಲೆ ಅವನು ಕೇಳಲಿ ಎಂದು ಅವಳೂ ಕಾಯುತ್ತಿರಲಿಲ್ಲ, ಕೈ ತಾನಾಗಿ ಡಬ್ಬಕ್ಕೆ ಹೋಗುತ್ತಿತ್ತು. ನನಗೂ ಅವನಿಗೂ ಮದುವೆಯ ಮಾತಾಗಿತ್ತು ಎಂದು ಊರಿನವರು ಹೇಳುತ್ತಾರೆ. ಆಗಿತ್ತು. ಇಪ್ಪತ್ನಾಲ್ಕನೇ ವಯಸ್ಸಿಗೆ ಸರಕಿನ ಹಾಯಿದೋಣಿಯಲ್ಲಿ ಸೇಂಟ್ ಮಾರ್ಟಿನ್ ದ್ವೀಪಕ್ಕೆಂದು ಹೊರಟ, ಕ್ರಿಸ್‌ಮಸ್ಸಿಗೆ ಬರುತ್ತೇನೆ ಎಂದಿದ್ದ. ದೋಣಿಯೂ ಬರಲಿಲ್ಲ, ಅದರ ಒಂದು ಹಲಗೆಯೂ ಬರಲಿಲ್ಲ. ಹತ್ತೊಂಬತ್ತು ವರ್ಷವಾಯಿತು.

ನಾನು ಅತ್ತೆ, ಐದು ವರ್ಷ ಕಾದೆ, ಕೊನೆಗೆ ಬೇರೆಯವನನ್ನು ಮದುವೆಯಾದೆ. ಒಲಿಂಡಾ ಅಳಲಿಲ್ಲ. ಪ್ರತಿ ಭಾನುವಾರ ಊಟವಾದ ಮೇಲೆ ಒಂದು ತಟ್ಟೆ ಬಡಿಸಿ, ಮೇಲೆ ಇನ್ನೊಂದು ತಟ್ಟೆ ಕವುಚಿ ಕಪಾಟಿನಲ್ಲಿಡುತ್ತಿದ್ದಳು. ಸೋಮವಾರ ಬೆಳಿಗ್ಗೆ ಅದು ಕೋಳಿಗಳಿಗೆ. ಯಾರಾದರೂ ಕೇಳಿದರೆ ‘ಜಾಸ್ತಿ ಆಯ್ತು’ ಎನ್ನುತ್ತಿದ್ದಳು. ಹತ್ತೊಂಬತ್ತು ವರ್ಷವೂ ಪ್ರತಿ ಭಾನುವಾರ ಯಾರಿಗಾದರೂ ಅಡಿಗೆ ಜಾಸ್ತಿಯಾಗುತ್ತದೆಯೇ? ಊರಿಗೆ ಗೊತ್ತಿತ್ತು, ಸುಮ್ಮನಿತ್ತು.

ಈ ವರ್ಷ ಫೆಬ್ರವರಿಯಲ್ಲಿ ಸುಮ್ಮನಿರಲಾಗದಂತೆ ಆಯಿತು. ಅವಳ ನಾದಿನಿ ಕ್ಲಿಯೋರಿಟಾ ಒಂದು ಬೆಳಿಗ್ಗೆ ಚರ್ಚಿಗೆ ಹೋಗುವ ಟೋಪಿ ಹಾಕಿಕೊಂಡೇ ಬಂದಳು. ಟಾಂಟಿ ಹೊಸ್ತಿಲ ಮೇಲೆ ಕೂತು ತೊಗರಿಕಾಯಿ ಬಿಡಿಸುತ್ತಿದ್ದಳು, ನಾನೂ ಜೊತೆಗಿದ್ದೆ.

“ಒಲಿಂಡಾ, ಎಲ್ರಿಕ್ ಕನಸಿಗೆ ಬಂದಿದ್ದ. ನನ್ನ ಮೆಟ್ಟಿಲ ಮೇಲೆ ನಿಂತಿದ್ದ, ಮೈಯೆಲ್ಲಾ ತೊಪ್ಪೆ. ‘ಟಾಂಟಿ, ಹಸಿವಾಗ್ತಿದೆ, ಅಮ್ಮಂಗೆ ಹೇಳು’ ಅಂದ.”

ಒಲಿಂಡಾಳ ಕೈ ನಿಂತಿತು. “ನಿನ್ನ ಮೆಟ್ಟಿಲ ಮೇಲಾ?”

“ಹೂಂ.”

“ಹತ್ತೊಂಬತ್ತು ವರ್ಷ ಕಣ್ಣು ಮುಚ್ಚಿದಾಗೆಲ್ಲ ಕಾದಿದ್ದೀನಿ ಕಣೇ ನಾನು. ಒಂದ್ಸಲ ಬರ್ಲಿಲ್ಲ. ನಿನ್ನ ಹತ್ರ ಬಂದ್ನಾ? ಒಂದು ಚೂರು ಬ್ರೆಡ್ಡು ಕೊಟ್ಟೋಳಲ್ಲ ನೀನು ಅವನಿಗೆ!”

“ಕನಸನ್ನ ನಾನೇನು ಹೇಳಿಕಳಿಸಿ ಕರೆಸ್ಕೊಂಡ್ನಾ?”

“ಹೊಟ್ಟೆ ಬಿರಿಯೋ ಹಾಗೆ ತಿಂದು ಮಲಗಿದ್ರೆ ಎಂಥೆಂಥೋರೋ ಬರ್ತಾರೆ. ಹೋಗೇ, ನಡಿ!”

ಕ್ಲಿಯೋರಿಟಾ ಹೋದಳು, ಆದರೆ ನೇರ ಹೋದದ್ದು ಪಾಪಾ ಥಾಡಿಯಸ್ ಮನೆಗೆ. ಊರಿನಲ್ಲಿ ಎಲ್ಲರಿಗಿಂತ ಹಿರಿಯ ಆತ. ಹಿರಿಯರ ಊಟದಲ್ಲಿ ಡೋಲು ಬಾರಿಸುವವನೂ, ಮರುದಿನ ಎಡೆ ಇಟ್ಟ ಕೋಣೆಯ ಬಾಗಿಲು ತೆಗೆದು ಮೊದಲ ತುತ್ತು ಮುರಿಯುವವನೂ ಆತನೇ. ಸಂಜೆಯ ಹೊತ್ತಿಗೆ ಕೋಲೂರಿಕೊಂಡು ಬಂದು ಅಂಗಳದ ಬೆಂಚಿನ ಮೇಲೆ ಕೂತ.

“ನೋಡು ಮಗಳೇ, ಆ ಹುಡುಗ ಹತ್ತೊಂಬತ್ತು ವರ್ಷದಿಂದ ನೀರಲ್ಲಿ ನಿಂತಿದ್ದಾನೆ. ಗೋರಿ ಇಲ್ಲ, ಕಲ್ಲಿಲ್ಲ. ಒಂದು ಹೊತ್ತಿನ ಎಡೆನೂ ಇಡ್ಲಿಲ್ಲ ಅಂದ್ರೆ ಅವನು ಹೋಗಿ ಹಿರಿಯರ ಪಂಕ್ತೀಲಿ ಹೇಗೆ ಕೂರ್ತಾನೆ? ಇತ್ಲಾಗೂ ಇಲ್ಲ, ಅತ್ಲಾಗೂ ಇಲ್ಲ.”

“ಎಡೆ ಇಟ್ಬಿಟ್ರೆ ಮತ್ತೆ ಬರೋದಿಲ್ಲ ಅವನು.”

“ಈಗೇನು ಬರ್ತಿದ್ದಾನಾ?”

ಮುದುಕನಿಗೆ ಕರುಣೆಯೇ ಇಲ್ಲ ಎಂದು ನನಗೆ ಸಿಟ್ಟು ಬಂತು. ಒಲಿಂಡಾ ಮೊರದಲ್ಲಿದ್ದ ಕಾಳನ್ನು ಸುಮ್ಮನೆ ಅತ್ತಿತ್ತ ಆಡಿಸುತ್ತಿದ್ದಳು. ಆಮೇಲೆ ಮೊರ ಕೆಳಗಿಟ್ಟು, “ಶನಿವಾರ ಮಾಡ್ತೀನಿ. ನನ್ನ ಮಗ ಆ ಕ್ಲಿಯೋರಿಟಾ ಮನೆ ಬಾಗಿಲಲ್ಲಿ ಭಿಕ್ಷೆ ಕೇಳೋದು ಬೇಡ” ಎಂದಳು.

ಶನಿವಾರ ನಸುಕಿಗೇ ಎರಡು ಒಲೆ ಹತ್ತಿದವು. ಊರಿನ ಅರ್ಧ ಹೆಂಗಸರು ಅಂಗಳದಲ್ಲಿದ್ದರು. ನಾನು ಬಲಗಡೆ ಹಂಡೆಯ ಹತ್ತಿರ, ಅವಳು ಎಡಗಡೆ. ಉಪ್ಪಿನ ಡಬ್ಬ ನಡುವಿನ ಮೋಟುಗೋಡೆಯ ಮೇಲೆ ಯಾವಾಗಲೂ ಇರುವ ಜಾಗದಲ್ಲೇ ಇತ್ತು. ಮುದ್ದೆ ತಿರುವುವಾಗ ಎಡೆ ಯಾರು ಯಾರಿಗೋ ಅವರ ಹೆಸರನ್ನೆಲ್ಲ ಕೂಗಬೇಕು. ಕೋಲು ತಿರುವುತ್ತಾ ಅವಳು ತಾಯಿಯನ್ನು ಕೂಗಿದಳು, ಅಜ್ಜಿಯನ್ನು ಕೂಗಿದಳು, ಗಂಡನನ್ನು, ಗಂಡನ ಅಪ್ಪನನ್ನು. ಅಲ್ಲಿಗೆ ನಿಲ್ಲಿಸಿ ಸೊಂಟಕ್ಕೆ ಕಟ್ಟಿದ ಬಟ್ಟೆಯಿಂದ ಕಣ್ಣೊರೆಸಿಕೊಂಡಳು. ಹೊಗೆ ಎಂದುಕೊಂಡೆ. ಎಲ್ರಿಕ್‌ನ ಹೆಸರು ಕೇಳಿದ ನೆನಪಿಲ್ಲ. ನನ್ನ ಹಂಡೆ ಅಷ್ಟರಲ್ಲಿ ಉಕ್ಕಿತು, ನಾನು ಅತ್ತ ತಿರುಗಿದೆ. ಆ ಕ್ಷಣಕ್ಕಾಗಿ ನನ್ನನ್ನು ನಾನು ಎಷ್ಟು ಬೈದುಕೊಂಡಿದ್ದೇನೋ ಲೆಕ್ಕವಿಲ್ಲ.

ಕತ್ತಲಾಗುವ ಮುಂಚೆ ಒಳಕೋಣೆಯ ಮೇಜಿಗೆ ಬಿಳಿ ಬಟ್ಟೆ ಹಾಸಿ ಎಡೆ ಇಟ್ಟು ಬಾಗಿಲು ಹಾಕಿದರು. ಅಂಗಳದಲ್ಲಿ ನೆಲಕ್ಕೆ ರಮ್ಮು, ನೀರು ಚಿಮುಕಿಸಿದರು, ಡೋಲು ಬಾರಿಸಿದರು, ಜನ ನನ್ನ ಅಡಿಗೆ ತಿಂದರು. ಬೆಳಿಗ್ಗೆ ಎಲ್ಲರೂ ಮೇಜಿನ ಸುತ್ತ ನಿಂತಾಗ ಪಾಪಾ ಥಾಡಿಯಸ್ ಬಾಗಿಲು ತೆಗೆದು, ಮುದ್ದೆಯ ಒಂದು ಚೂರು ಮುರಿದು ಬಾಯಿಗಿಟ್ಟುಕೊಂಡ. ಅವನ ದವಡೆ ಅಲ್ಲಾಡುವುದು ನಿಂತಿತು. ನುಂಗಲೂ ಇಲ್ಲ, ಉಗುಳಲೂ ಇಲ್ಲ. ಕ್ಲಿಯೋರಿಟಾಗೆ ತಡೆಯಲಾಗಲಿಲ್ಲ, ಒಂದು ಚೂರು ಎತ್ತಿ ನಾಲಿಗೆಗೆ ಮುಟ್ಟಿಸಿದಳು.

“ಉಪ್ಪು!”

ಆಮೇಲೆ ಎಲ್ಲರೂ ನನ್ನ ಕಡೆ ತಿರುಗಿದರು.

“ಡಬ್ಬ ಇವಳ ಹತ್ರ ಇತ್ತು” ಎಂದಳು ಕ್ಲಿಯೋರಿಟಾ. “ಕಣ್ಣು ಎಲ್ಲಿಟ್ಟಿದ್ಯೇ ವರ್ಲಿನ್? ಗಂಡನ ಮೇಲಾ, ಹಳೇ ಗೆಳೆಯನ ಮೇಲಾ?”

ನನ್ನ ಮೈ ಉರಿದುಹೋಯಿತು. ಕೈಗೆ ಸಿಕ್ಕಿದ್ದನ್ನು ಎತ್ತಿ ಎಸೆದೇ ಬಿಡುತ್ತಿದ್ದೆ. ಅಷ್ಟರಲ್ಲಿ ಒಲಿಂಡಾ ಮುಂದೆ ಬಂದಳು. ಅಷ್ಟು ಸಣ್ಣ ದನಿ ಅವಳ ಬಾಯಿಂದ ನಾನು ಕೇಳಿಯೇ ಇರಲಿಲ್ಲ.

“ಅವಳನ್ನ ಬಿಡಿ. ನನ್ನ ಕೈ ಅದು.”

“ಬೇಕು ಅಂತ್ಲೇ ಹಾಕಿದ್ಯಾ?” ಪಾಪಾ ಥಾಡಿಯಸ್ ಕೇಳಿದ.

“ಗೊತ್ತಿಲ್ಲ ಪಾಪಾ. ಆಣೆಗೂ ಗೊತ್ತಿಲ್ಲ. ಇದು ನನ್ನ ಎಲ್ರಿಕ್‌ಗೆ ಅಂದ್ಕೊಂಡು ತಿರುವುತಾ ಇದ್ದೆ. ಬೆರಳಲ್ಲಿ ಉಪ್ಪು ಅಂಟ್ಕೊಂಡಿದ್ದು ಸಂಜೆ ಕೈ ತೊಳೆಯುವಾಗ ಗೊತ್ತಾಯ್ತು. ನೀರು ಹಾಕ್ದೆ, ಉರೀತು, ಬೆರಳಲ್ಲಿ ಒಂದು ಕುಯ್ದ ಗಾಯ ಇತ್ತು. ಹೇಳೋಕೆ ಬಾಯಿ ಬರ್ಲಿಲ್ಲ.”

“ಉಪ್ಪು ಹಾಕಿ ಹುಡುಗನ್ನ ಇಲ್ಲೇ ಕಟ್ಟಿಹಾಕಿದ್ದೀಯ. ಅವನ ಜೊತೆ ನಿಮ್ಮ ಮನೆ ಹಿರಿಯರೂ ಉಪವಾಸ ಹೋದ್ರು.”

“ನಲವತ್ತು ವರ್ಷ ಸತ್ತೋರಿಗೆ ಅಡಿಗೆ ಮಾಡಿದ್ದೀನಿ, ಈ ಕೈ ತಪ್ಪಿಲ್ಲ. ಅವನು ಸತ್ತೋನು ಅಂತ ಇದಕ್ಕೆ ಗೊತ್ತಿಲ್ಲ ಪಾಪಾ. ನಾನೇನ್ಮಾಡ್ಲಿ?”

ಕ್ಲಿಯೋರಿಟಾ ಕೂಡ ನೆಲ ನೋಡುತ್ತಿದ್ದಳು. ಕೊನೆಗೆ ಪಾಪಾ ಥಾಡಿಯಸ್, ಇನ್ನೊಮ್ಮೆ ಎಡೆ ಇಡಲೇಬೇಕು, ಆದರೆ ಅಡಿಗೆ ಕ್ಲಿಯೋರಿಟಾ ಮಾಡಲಿ ಎಂದ. ಒಲಿಂಡಾ ತಲೆ ಎತ್ತಿದಳು.

“ನನ್ನ ಮಗ ನನ್ನ ಕೈಯದು ಉಣ್ತಾನೆ. ಇಲ್ದಿದ್ರೆ ಎಡೆನೇ ಬೇಡ.”

“ಹಾಗಾದ್ರೆ ಅವನು ಸತ್ತಿದ್ದಾನೆ ಅಂತ ನಿನ್ನ ಕೈಗೆ ಹೇಳು. ಹೇಳಾದ ಮೇಲೆ ನನ್ನ ಕರಿ” ಎಂದು ಮುದುಕ ಕೋಲು ಹಿಡಿದು ಎದ್ದ.

ಮೂರು ವಾರ ಅವಳು ಮನೆಯಿಂದ ಹೊರಗೆ ಬರಲಿಲ್ಲ. ಬೋಗಲ್ಸ್ ಊರಿನವರು ತಮ್ಮ ಮನೆಯ ಗೋರಿಗೆ ಕಲ್ಲು ನಿಲ್ಲಿಸುವಾಗ ಬೇರೆ ಅಡಿಗೆಯವಳನ್ನು ಕರೆದರು. ಆ ಸುದ್ದಿ ನಾನೇ ಹೇಳಬೇಕಾಯಿತು. “ಸರಿಯಾಗೇ ಮಾಡಿದ್ರು” ಎಂದಳು, ಬೈಯಲೂ ಇಲ್ಲ. ಅದೇ ನನಗೆ ಹೆದರಿಕೆ ಹುಟ್ಟಿಸಿದ್ದು. ಆ ಮೂರೂ ಭಾನುವಾರ ಕಪಾಟಿನಲ್ಲಿ ತಟ್ಟೆ ಇತ್ತೋ ಇಲ್ಲವೋ, ಕೇಳುವ ಧೈರ್ಯ ನನಗಾಗಲಿಲ್ಲ.

ನಾಲ್ಕನೇ ಶುಕ್ರವಾರ ಬೆಳಿಗ್ಗೆ ನನ್ನ ಬಾಗಿಲು ತಟ್ಟಿದಳು. ಕೈಯಲ್ಲಿ ಆ ಹಾಲಿನ ಪುಡಿ ಡಬ್ಬ.

“ಇದನ್ನ ತಗೋ. ಪೆಟ್ಟಿಗೇಲಿಟ್ಟು ಬೀಗ ಹಾಕು. ನಾಳೆ ಜನರ ಅಡಿಗೆ ನಿನ್ನ ಅಂಗಳದಲ್ಲೇ ಆಗ್ಲಿ. ನಾನೇ ಬಂದು ಕೇಳಿದ್ರೂ ಕೊಡ್ಬೇಡ.”

“ಬೈದ್ರೆ?”

“ಬೈದ್ರೂ ಕೊಡ್ಬೇಡ. ಹೊಡೆದ್ರೂ ಕೊಡ್ಬೇಡ.”

ಮರುದಿನ ಅವಳ ಅಂಗಳದಲ್ಲಿ ಒಂದೇ ಒಲೆ, ಎಡಗಡೆಯದು. ನನ್ನ ಅಡಿಗೆಯನ್ನು ಗಂಡನ ತಲೆಗೆ ಕಟ್ಟಿ ನಾನು ಅವಳ ಹತ್ತಿರವೇ ಕೂತೆ, ಈ ಸಲ ಕಣ್ಣು ಕದಲಿಸಲಿಲ್ಲ. ಹಿಟ್ಟು ಕುದಿಯಿತು. ಕೋಲು ತಿರುವುತ್ತಾ ಹೆಸರು ಕೂಗಿದಳು: ತಾಯಿ, ಅಜ್ಜಿ, ಗಂಡ, ಮಾವ. ಆಮೇಲೆ ಅವಳ ಬಲಗೈ ಕೋಲು ಬಿಟ್ಟು ತಾನಾಗಿ ಮೋಟುಗೋಡೆಯ ಕಡೆ ಹೋಯಿತು. ಅವಳು ಅತ್ತ ನೋಡಲೂ ಇಲ್ಲ. ಡಬ್ಬ ಇರುತ್ತಿದ್ದ ಜಾಗದಲ್ಲಿ ಬೆರಳು ತಡಕಾಡಿದವು, ಬರೀ ಕಲ್ಲು ಸಿಕ್ಕಿತು. ಕೈ ಅಲ್ಲೇ ಉಳಿಯಿತು. ಮುದ್ದೆ ತಳ ಹಿಡಿಯುವ ವಾಸನೆ ಬಂದರೂ ನಾನು ಬಾಯಿ ಬಿಡಲಿಲ್ಲ.

“ಎಲ್ರಿಕ್” ಎಂದಳು. ಸತ್ತವರ ಸಾಲಿನಲ್ಲಿ, ಅವರನ್ನು ಕೂಗಿದ ದನಿಯಲ್ಲೇ. ಕೈ ಹಿಂದಕ್ಕೆ ಬಂದು ಕೋಲು ಹಿಡಿಯಿತು. ನಾನು ಲಂಗದ ಅಂಚು ಬಾಯಿಗೆ ತುರುಕಿಕೊಂಡು ಅತ್ತೆ.

ಭಾನುವಾರ ಬೆಳಿಗ್ಗೆ ಪಾಪಾ ಥಾಡಿಯಸ್ ಚೂರು ಮುರಿದು ಬಾಯಿಗಿಟ್ಟುಕೊಂಡ. ಎಲ್ಲರೂ ಅವನ ದವಡೆಯನ್ನೇ ನೋಡುತ್ತಿದ್ದೆವು. ನುಂಗಿದ.

“ಸಪ್ಪೆ” ಎಂದ. “ಉಂಡು ಹೋಗಿದ್ದಾನೆ.”

ಅಂಗಳದಲ್ಲಿ ಡೋಲು ಶುರುವಾಯಿತು. ಕ್ಲಿಯೋರಿಟಾ ಬಂದು ಒಲಿಂಡಾಳ ಹೆಗಲು ಹಿಡಿದುಕೊಂಡು ಏನೋ ಒಳ್ಳೆಯ ಮಾತೇ ಆಡಿದಳು, ಅವಳಿಗೆ ಅದು ಕೇಳಿಸಿದಂತೆ ಕಾಣಲಿಲ್ಲ. ಜನ ಹೊರಗೆ ಹೋದ ಮೇಲೆ ಅವಳು ಮೇಜಿನ ಮುಂದೆ ಕೂತು ತಟ್ಟೆಯನ್ನು ಹತ್ತಿರಕ್ಕೆ ಎಳೆದುಕೊಂಡಳು. ಹತ್ತೊಂಬತ್ತು ವರ್ಷದಲ್ಲಿ ಮೊದಲ ಸಲ ಅವಳ ಕಣ್ಣಿಂದ ನೀರು ಇಳಿಯುವುದನ್ನು ನೋಡಿದೆ.

“ವರ್ಲಿನ್” ಎಂದಳು, “ಸಪ್ಪೆ ಅಡಿಗೆ ಮುಟ್ಟಿದೋನೇ ಅಲ್ಲ ಕಣೇ ಅವನು.”

ಆಮೇಲೆ ಮುದ್ದೆಯ ಒಂದು ಚೂರು ಮುರಿದು ತಾನು ಬಾಯಿಗಿಟ್ಟುಕೊಂಡಳು, ಇನ್ನೊಂದು ಚೂರು ನನ್ನ ಕೈಗೆ ಕೊಟ್ಟಳು.