ಕೊನೆಯ ಕಾಲು ಒಳಗೆ ಬರಲಿ

ಮೊನ್ನೆ ಮಡಿಕೇರಿಯ ರೆಸಾರ್ಟೊಂದರಲ್ಲಿ ನಮ್ಮ ಕಂಪನಿಯ ಮ್ಯಾನೇಜರುಗಳಿಗೆ ನಾಯಕತ್ವದ ತರಬೇತಿ ಇತ್ತು. ಸ್ಲೈಡುಗಳೆಲ್ಲ ಮುಗಿದ ಮೇಲೆ ತರಬೇತಿದಾರರು ನಮ್ಮನ್ನು ಹುಲ್ಲುಹಾಸಿಗೆ ಕರೆದೊಯ್ದು ಹಗ್ಗದ ಸುರುಳಿಯೊಂದನ್ನು ಬಿಚ್ಚಿದರು. ತೆಂಗಿನ ನಾರಿನ ಹಗ್ಗ, ಮಂಜಿಗೆ ಒದ್ದೆಯಾಗಿತ್ತು. ಆ ವಾಸನೆ ಮೂಗಿಗೆ ಬಡಿಯಿತು ನೋಡಿ... ನಾನು ಮಡಿಕೇರಿಯಲ್ಲಿ ಇರಲೇ ಇಲ್ಲ. ಸುಂಟಿಕೊಪ್ಪದ ಹತ್ತಿರ, ಎಸ್ಟೇಟಿನ ಗದ್ದೆಯ ಬದುವಿನ ಮೇಲೆ ನಿಂತಿದ್ದೆ. ಬೇಲಿಯಾಚೆ ಕಂಡಕ್ಟರಣ್ಣ ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದರು.

ಎಸ್ಟೇಟಿನ ಕೂಲಿಯವರಿರುವ ನಮ್ಮ ಲೈನುಮನೆಗಳಲ್ಲಿ ಡಿಗ್ರಿ ಮುಗಿಸಿದವಳು ನಾನೇ ಮೊದಲು. ಅಮ್ಮ ಕಾಫಿ ಕೊಯ್ದು ಓದಿಸಿದ್ದು. ಹಾಗೆಂದು ಹೇಳಿಕೊಳ್ಳಲು ನನಗೆ ಇವತ್ತಿಗೂ ಹೆಮ್ಮೆ. ಅದೇ ಎಸ್ಟೇಟಿನಲ್ಲಿ ನನ್ನನ್ನು ರೈಟರ್ ಮಾಡಿದರು, ಹಾಜರಿ ಕೂಗಿ ಕೆಲಸ ಹಂಚುವವಳು. ಆದರೆ ತಾತ್ಕಾಲಿಕ. ತಮ್ಮ ಕಣ್ಣೆದುರೇ ಲಂಗ ಹಾಕಿಕೊಂಡು ಓಡಾಡುತ್ತಿದ್ದವಳ ಮಾತನ್ನು ಲೈನಿನ ಹೆಂಗಸರು ಯಾಕೆ ಕೇಳಿಯಾರು? ನಾನು ಕೂಗಿದರೆ ಅವರು ವೀಳ್ಯ ಮಡಿಸುತ್ತಿದ್ದರು.

ಮಳೆಗಾಲದಲ್ಲಿ ಪಕ್ಕದ ಎಸ್ಟೇಟಿನವರೊಡನೆ ಕೆಸರುಗದ್ದೆ ಆಟ ನಡೆಯುತ್ತಿತ್ತು. ಹೆಂಗಸರ ಹಗ್ಗಜಗ್ಗಾಟದ ತಂಡ ಕಟ್ಟುವುದನ್ನು ಮ್ಯಾನೇಜರು ನನ್ನ ತಲೆಗೆ ಕಟ್ಟಿದರು. "ಹಗ್ಗ ಎಳೆಸ್ಲಿಕ್ಕೆ ಆಗದವ್ಳು ಪಿಕ್ಕಿಂಗ್ ಮಾಡಿಸ್ತೀಯಾ? ಗೆಲ್ಲಿಸು, ಖಾಯಂ ಮಾಡುವ. ಇಲ್ಲಾಂದ್ರೆ ಹೊರಗಿಂದ ಗಂಡಸು ರೈಟರ್‌ನ ತರುವ."

ಮೊದಲ ಅಭ್ಯಾಸದಲ್ಲೇ ಮಾನ ಹೋಯಿತು. ಹಗ್ಗದ ಮುಂತುದಿಯಲ್ಲಿದ್ದ ತಮಿಳು ಅಕ್ಕ ಜೋರಾಗಿ "ಇಳು! ಇಳು!" ಎಂದು ಕೂಗಿದಳು. ಅವಳ ಮಾತಿನಲ್ಲಿ ಅದು ಎಳೆ ಎಂದು. ನಮ್ಮ ಕನ್ನಡದ ಹೆಂಗಸರಿಗೆ ಕೇಳಿಸಿದ್ದು "ಇಳಿ". ಪಾಪ, ಅವರು ಹಗ್ಗ ಬಿಟ್ಟು ಕೆಳಗೆ ಕುಳಿತೇಬಿಟ್ಟರು! ಮಲಯಾಳಿ ಚೇಚಿಯರು ಎಳೆ ಎನ್ನಲು ತಮ್ಮ "ವಲಿ" ಕೂಗುತ್ತ ಅವರ ಮೇಲೆ ಉರುಳಿದರು. ಕೆಸರಿನಿಂದ ಯಾರೋ ತಲೆಯೆತ್ತಿ, "ಬಿ.ಎ. ಅಂದ್ರೆ ಬೀಳೋದಾ ಮಗಳೇ?" ಎಂದರು.

ಕಂಡಕ್ಟರಣ್ಣ ನಕ್ಕದ್ದು ಆಗಲೇ. ಮಡಿಕೇರಿ–ಕುಶಾಲನಗರ ಓಡುವ ಪ್ರೈವೇಟ್ ಬಸ್ಸಿನ ಕಂಡಕ್ಟರು, ಎಸ್ಟೇಟ್ ಗೇಟಿನ ಎದುರೇ ಮನೆ. ಶಿಳ್ಳೆಯನ್ನು ಚಿನ್ನದ ಸರದಂತೆ ಕೊರಳಿಗೆ ಹಾಕಿಕೊಳ್ಳುವ ಜಂಭದ ಮನುಷ್ಯ.

"ಏ ಗ್ರಾಜುಯೇಟು! ಈ ರೋಡಲ್ಲಿ ಎಲ್ಲಾ ಭಾಷೆಯವ್ರಿಗೂ ಗೊತ್ತಿರೋದು ಎರಡೇ ಮಾತು. ಹೋಲ್ಡಾನ್, ರೈಟ್. ಅದನ್ನ ಕೂಗು."

ಹೌದಲ್ಲ! ಹೋಲ್ಡಾನ್ ಎಂದರೆ ನಿಲ್ಲಬೇಕು, ರೈಟ್ ಎಂದರೆ ಹೊರಡಬೇಕು. ಇದನ್ನು ನಮ್ಮಲ್ಲಿ ಯಾರಿಗೂ ಯಾರೂ ಕಲಿಸಬೇಕಾಗಿರಲಿಲ್ಲ. ಮುಂದಿನ ಭಾನುವಾರ ಅವರು ನನ್ನನ್ನು ಬಸ್ಸಿನ ಹಿಂಬಾಗಿಲಲ್ಲಿ ನಿಲ್ಲಿಸಿಕೊಂಡರು. ಸಂತೆಚೀಲ ಹೊತ್ತ ಮುದುಕಿಯೊಬ್ಬಳು ಮೆಟ್ಟಿಲಿನಲ್ಲಿ ಒದ್ದಾಡುತ್ತಿದ್ದಳು. ಮುಂದೆ ಕುಳಿತವರು, "ಎಂತ ಮಾರಾಯ, ಹೊರಡುದಿಲ್ವಾ?" ಎಂದು ಗದರುತ್ತಿದ್ದರು. ಅಣ್ಣ ಅಲುಗಾಡಲಿಲ್ಲ.

"ಡ್ರೈವರಿಗೆ ರಸ್ತೆ ಕಾಣ್ತದೆ, ಹಿಂದಿನ ಬಾಗಿಲು ಕಾಣೋದಿಲ್ಲ. ಅದಕ್ಕೇ ನಾನಿರೋದು. ಕೊನೇ ಕಾಲು ಒಳಗೆ ಬರ್ಲಿ, ಆಮೇಲೆ ರೈಟ್ ಅನ್ನು. ಮುಂದಿದ್ದವ್ರು ಬೈತಾರೆ, ಬೈಲಿ. ಅವ್ರಿಗೆ ಸೀಟ್ ಸಿಕ್ಕಿದೆ."

ಪಂದ್ಯದ ದಿನ ಸುರಿದ ಮಳೆ, ಬಡಿದ ವಾಲಗ... ನೆನೆದರೆ ಈಗಲೂ ಮೈ ಜುಮ್ಮೆನ್ನುತ್ತದೆ. ಒಂದು ಸುತ್ತು ಅವರದು, ಒಂದು ನಮ್ಮದು. ಕೊನೆಯ ಸುತ್ತಿನಲ್ಲಿ ಹಗ್ಗದ ಹಿಂತುದಿಯನ್ನು ಸೊಂಟಕ್ಕೆ ಸುತ್ತಿಕೊಂಡಿದ್ದ ಅಮ್ಮನ ಕಾಲು ಜಾರಿತು. ಇಡೀ ಸಾಲು ಮುಂದಕ್ಕೆ ಜರುಗತೊಡಗಿತು. ಕೊಡೆಯಡಿಯಿಂದ ಮ್ಯಾನೇಜರು, "ಎಳೆಸೇ! ಎಳೆಸೇ!" ಎಂದು ಕಿರುಚುತ್ತಿದ್ದರು. ಗೆರೆ ಅಷ್ಟು ಹತ್ತಿರ. ನನ್ನ ಕೆಲಸ ಅಷ್ಟರಲ್ಲೇ ಹೋಗುವುದರಲ್ಲಿತ್ತು.

"ಹೋಲ್ಡಾನ್!" ಎಂದೆ.

ಎಲ್ಲರೂ ಹಿಮ್ಮಡಿ ಹೂತು ನಿಂತರು. ನನ್ನ ಒಂದೇ ಮಾತಿಗೆ! ಎದುರಿನವರು ಎಳೆಯುತ್ತಲೇ ಇದ್ದರು, ಮ್ಯಾನೇಜರು ಬೈಯುತ್ತಲೇ ಇದ್ದರು. ನಾನು ಅಮ್ಮನ ಪಾದ ಮಾತ್ರ ನೋಡುತ್ತಿದ್ದೆ. ಒಂದು ಕಾಲು ಊರಿತು. ಇನ್ನೊಂದು ಜಾರಿತು, ತಡಕಾಡಿತು, ಕೊನೆಗೆ ಕೆಸರಿನೊಳಗೆ ಕಚ್ಚಿ ನಿಂತಿತು.

"ರೈಟ್!"

ಅಬ್ಬಾ, ಆ ಎಳೆತ! ಮೂರು ಭಾಷೆಯ ಹೆಂಗಸರು ಒಂದೇ ಮೈಯಾಗಿ ಹಿಂದಕ್ಕೆ ವಾಲಿದರು. ಎದುರಿನವರು ಸರಮಾಲೆಯಂತೆ ನಮ್ಮ ಕಾಲಬುಡಕ್ಕೆ ಬಂದು ಬಿದ್ದರು. ರಸ್ತೆಯ ಮೇಲೆ ಕಂಡಕ್ಟರಣ್ಣನ ಬಸ್ಸು ನಿಂತಿತ್ತು, ಕಿಟಕಿಗಳ ತುಂಬ ತಲೆಗಳು. ಅಣ್ಣ ಫುಟ್‌ಬೋರ್ಡಿನಲ್ಲಿ ಕುಣಿಯುತ್ತ, "ಏ ಗ್ರಾಜುಯೇಟು, ನಿನ್ನಿಂದ ನಂಗೆ ಲೇಟಾಯ್ತು!" ಎಂದು ಕೂಗಿದರು. ಆ ವಾರವೇ ಕೆಲಸ ಖಾಯಂ ಆಯಿತು. ಅದಕ್ಕಿಂತ ದೊಡ್ಡದು ಎಂದರೆ, ಮರುದಿನದ ಹಾಜರಿಗೆ ಯಾರೂ ವೀಳ್ಯ ಮಡಿಸಲಿಲ್ಲ.

ಇಂದು ನಾನೇ ಮ್ಯಾನೇಜರು, ನನ್ನ ಕೈಕೆಳಗೆ ನನಗಿಂತ ಹೆಚ್ಚು ಓದಿದವರಿದ್ದಾರೆ. ಮೀಟಿಂಗುಗಳಲ್ಲಿ ಚುರುಕಿನವರು ಬೇಗ ತೀರ್ಮಾನಿಸಿ ಎದ್ದುಬಿಡೋಣ ಎನ್ನುತ್ತಾರೆ. ನಾನು ಮೂಲೆಯಲ್ಲಿ ಇನ್ನೂ ಬಾಯಿ ತೆರೆಯದವರ ಕಡೆ ತಿರುಗುತ್ತೇನೆ. ನಿಧಾನ ಎಂದು ಬೈಸಿಕೊಂಡಿದ್ದೇನೆ. ಬೈಲಿ.

ತರಬೇತಿಯ ಕೊನೆಯಲ್ಲಿ ನಮ್ಮ ನಮ್ಮ ಗುರುಗಳು ಯಾರೆಂದು ಕೇಳಿದರು. ಬಸ್ ಕಂಡಕ್ಟರು ಎಂದು ನಾನು ಹೇಳಿದ್ದಕ್ಕೆ ಎಲ್ಲರೂ ನಕ್ಕರು, ನಾನೂ ನಕ್ಕೆ. ಇದನ್ನು ಕಂಡಕ್ಟರಣ್ಣನಿಗೇ ಹೇಳಬೇಕೆನಿಸಿತು. ಅಮ್ಮನನ್ನು ಸೋಮವಾರಪೇಟೆಗೆ ಕರೆದುಕೊಂಡು ಬಂದ ಮೇಲೆ ಅತ್ತ ಹೋದದ್ದೇ ಕಡಿಮೆ. ಹಿಂದಿರುಗುವಾಗ ಸುಂಟಿಕೊಪ್ಪದಲ್ಲಿ ಇಳಿದೆ. ಅದೇ ಬಸ್ಸು ನಿಂತಿತ್ತು. ಅಣ್ಣ ಎಲ್ಲಿ ಎಂದು ಹೊಸ ಕಂಡಕ್ಟರನ್ನು ಕೇಳಿದೆ.

"ಅವ್ರಾ? ಹೋದ ಮಳೆಗಾಲದಲ್ಲೇ ತೀರಿಹೋದ್ರಲ್ಲ ಮೇಡಂ... ನಿಮ್ಗೆ ಗೊತ್ತಿಲ್ವಾ?"

ಏನು ಮಾಡಬೇಕೆಂದು ತೋಚದೆ ಬಸ್ಸು ಹತ್ತಿ ಕುಳಿತೆ. ಬಸ್ಸು ಹೊರಟಿತು. ಅವನು ಹತ್ತಿರ ಬಂದು, "ಎಲ್ಲಿಗೆ ಮೇಡಂ?" ಎಂದ. ಆ ಬಸ್ಸಿನ ದಾರಿಯಲ್ಲಿ ನನಗೆ ಹೋಗಬೇಕಾದ ಊರು ಯಾವುದೂ ಇರಲಿಲ್ಲ. ಅವರಿಗೆ ಒಂದು ಮಾತು ಹೇಳಲು ಬಂದಿದ್ದೆ, ಅಷ್ಟೆ.